ಒಂದೇ ಬಣ್ಣದ ಎಂಟು ಟಬ್ಬುಗಳು

ಬಿಳಿ ಕ್ಯಾನಿನ ಮುಚ್ಚಳದ ಒಳಸುತ್ತಿನ ತಿರುಪಿನಲ್ಲಿ ಉಪ್ಪು ಕಟ್ಟಿಕೊಂಡಿತ್ತು. ಉಗುರಿನಿಂದ ಕೆರೆದೆ, ಬೂದು ಪುಡಿಯಾಗಿ ಉದುರಿತು. ಮೂಗಿನ ಹತ್ತಿರ ತಂದಾಗ ಒದ್ದೆ ಹಗ್ಗದಂಥ, ಸ್ವಲ್ಪ ಮೀನಿನಂಥ ವಾಸನೆ ಬಂತು. ಸಮುದ್ರವೇ ಇಲ್ಲದ ನಮ್ಮೂರು ಗುಬ್ಬಿಯಲ್ಲಿ ಆ ವಾಸನೆಗೆ ಬೇರೆ ಯಾವ ಮೂಲವೂ ಇಲ್ಲ.

ಕಳೆದ ಭಾನುವಾರ ಕುಣಿಗಲ್‌ನಿಂದ ಮನೆಗೆ ಬಂದಿದ್ದೆ. ಅಲ್ಲಿನ ಪಿ.ಯು. ಕಾಲೇಜೊಂದರಲ್ಲಿ ಈಗ ನಾನು ಜೀವಶಾಸ್ತ್ರ ಪಾಠ ಮಾಡುತ್ತೇನೆ. ಅಮ್ಮ ಅಟ್ಟದ ಮೇಲಿನ ಹಳೇ ಸಾಮಾನನ್ನೆಲ್ಲ ಕೆಳಗಿಳಿಸಿ, "ಯಾವ್ದು ಬೇಕು ಯಾವ್ದು ಬ್ಯಾಡ ಹೇಳ್ಬುಡು, ಗುಜರಿಯೋನು ಬರ್ತಾನೆ" ಎಂದು ನನ್ನ ಮುಂದೆ ಗುಡ್ಡೆ ಹಾಕಿದ್ದಳು. ಕ್ಯಾನನ್ನು ಬೇಡದ ಕಡೆಗೆ ಸರಿಸಿದೆ. ಮುಚ್ಚಳ ಮಾತ್ರ ಕೈಯಲ್ಲೇ ಉಳಿಯಿತು. ನೆನಪಿಗಿಂತ ಮೊದಲು ನನಗೆ ಬಂದದ್ದು ಸಿಟ್ಟು. ಇಷ್ಟು ವರ್ಷವಾದರೂ ಅದರ ಕಾವು ಇಳಿದಿಲ್ಲ ಎಂದು ತಿಳಿದು ನನಗೇ ಆಶ್ಚರ್ಯವಾಯಿತು.

ಅದು ನನ್ನ ಎಂ.ಎಸ್ಸಿ.ಯ ಕೊನೆಯ ಬೇಸಿಗೆ. ತುಮಕೂರಿನ ಅಂಚಿನ ಕ್ಯಾತ್ಸಂದ್ರದ ಕಡೆಯ ಒಂದು ಖಾಸಗಿ ಕಾಲೇಜು, ಹೆಸರು ಬೇಡ. ದಿನಾ ಬೆಳಿಗ್ಗೆ ಗುಬ್ಬಿಯಿಂದ ರೈಲು ಹತ್ತಿ ಹೋಗುತ್ತಿದ್ದೆ. ಕೊನೆಯ ಸೆಮಿಸ್ಟರಿನಲ್ಲಿ ಪ್ರತಿಯೊಬ್ಬರೂ ಒಂದು ಸ್ವಂತ ಪ್ರಯೋಗ ಮಾಡಿ ಪ್ರಬಂಧ ಬರೆಯಬೇಕಿತ್ತು. ನಾನು ಆರಿಸಿಕೊಂಡದ್ದು ಸಮುದ್ರದ ಪ್ಲಾಂಕ್ಟನ್, ಅಂದರೆ ನೀರಿನ ಮೇಲುಪದರದಲ್ಲಿ ತೇಲುವ, ಬರಿಗಣ್ಣಿಗೆ ಕಾಣದ ಜೀವಿಗಳು. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಅವುಗಳಿಗೆ ಏನು ಮಾಡುತ್ತದೆ ಎಂಬುದು ನನ್ನ ಪ್ರಶ್ನೆ.

ಈ ವಿಷಯ ಕೇಳಿ ನಗದವರು ಕಡಿಮೆ. ಅಮ್ಮನಂತೂ, "ಕಡಬದ ಕೆರೆ ಅಷ್ಟು ದೊಡ್ದಾಗಿ ಬಿದ್ದೈತೆ, ಅದ್ರಲ್ಲಿ ಇಲ್ವೇನೇ ನಿನ್ ಪಾಚಿ? ಸಮುದ್ರುಕ್ಕೇ ಹೋಗ್ಬೇಕಾ?" ಎಂದಿದ್ದಳು. ಕಡಬ ಅಮ್ಮನ ತವರು. ಅಲ್ಲಿನ ಕೆರೆಗಿಂತ ದೊಡ್ಡ ನೀರು ಬೇಕೆನ್ನುವುದು ಅವಳಿಗೆ ತನ್ನ ತವರನ್ನು ಕಡೆಗಣಿಸಿದ ಹಾಗೆ. ಜಗತ್ತಿನ ಗಿಡಮರಗಳೆಲ್ಲ ಸೇರಿ ಮಾಡುವಷ್ಟು ಕೆಲಸವನ್ನು ಹೆಚ್ಚುಕಡಿಮೆ ಈ ಕಾಣದ ಜೀವಿಗಳೇ ಸಮುದ್ರದಲ್ಲಿ ಮಾಡುತ್ತವೆ, ನಮ್ಮ ಉಸಿರಿನಲ್ಲಿ ಅವುಗಳ ಪಾಲು ದೊಡ್ಡದು ಎಂದು ವಿವರಿಸಿದೆ. ಅವಳು ಕೇಳಿಸಿಕೊಂಡು, "ಆಯ್ತು ಬುಡು, ಉಸ್ರು ಕೊಡೋ ಪಾಚಿ. ಟೋಪಿ ಹಾಕ್ಕೊಂಡ್ ಹೋಗು" ಎಂದಳು.

ಸಮುದ್ರವನ್ನು ತಂದದ್ದು ನಾನು ಮತ್ತು ರಮ್ಯ. ರಮ್ಯ ನನ್ನ ತರಗತಿಯವಳು, ಹುಲಿಯೂರುದುರ್ಗದ ಕಡೆಯವಳು, ಹಾಸ್ಟೆಲಿನಲ್ಲಿದ್ದಳು. ನಾನು ಆಡದ ಮಾತನ್ನೆಲ್ಲ ನನ್ನ ಪರವಾಗಿ ಅವಳೇ ಆಡುತ್ತಿದ್ದಳು. ಮಂಗಳೂರಿನ ಹತ್ತಿರ ಒಂದು ಮೀನುದೋಣಿಯವರನ್ನು ಕಾಡಿ ಬೇಡಿ, ಅಲೆ ಒಡೆಯುವ ಜಾಗ ದಾಟಿ ಒಳಗೆ ಹೋಗಿ ನಾಲ್ಕು ಕ್ಯಾನು ತುಂಬಿಸಿದೆವು. ವಾಪಸು ಬರುವ ಬಸ್ಸಿನ ಕಂಡಕ್ಟರು ತುಮಕೂರಿನ ಕಡೆಯವನೇ. ಕ್ಯಾನುಗಳನ್ನು ಕಾಲಿನಿಂದ ತಟ್ಟಿ ಕೇಳಿದ:

"ಏನಮ್ಮಾ ಇದು? ಎಣ್ಣೆನಾ?"

"ಸಮುದ್ರದ ನೀರು" ಎಂದೆ.

"ತುಮಕೂರಲ್ಲಿ ನೀರಿಗೆ ತಾಪತ್ರಯ ಅಂತ ಗೊತ್ತಿತ್ತು. ಇಲ್ಲೀಗಂಟ ಬಂದು ಹೊತ್ಕೊಂಡ್ ಹೋಗೋವಷ್ಟು ಅಂತ ಗೊತ್ತಿರ್ಲಿಲ್ಲ ಕಣಮ್ಮ!"

"ಸಾರಿಗೆ ಉಪ್ಪು ಹಾಕೋದು ಉಳಿಯುತ್ತೆ ಅಣ್ಣ" ಎಂದಳು ರಮ್ಯ. ಕಂಡಕ್ಟರು ನಗುತ್ತಲೇ ಲಗೇಜ್ ಟಿಕೆಟ್ ಹರಿದುಕೊಟ್ಟ.

ಕಾಲೇಜಿನ ತಾರಸಿಯ ಮೇಲೆ ಎಂಟು ಬಿಳಿ ಟಬ್ಬುಗಳನ್ನು ಎರಡು ಸಾಲಾಗಿ ಇಟ್ಟು ಆ ನೀರನ್ನು ಸಮನಾಗಿ ಹಂಚಿದೆ. ಪ್ರತಿ ಟಬ್ಬಿನ ಮೇಲೂ ಮರದ ಚೌಕಟ್ಟಿಗೆ ಬಿಗಿದ ಪಾರದರ್ಶಕ ಹಾಳೆ. ಮೊದಲ ಸಾಲಿನ ಹಾಳೆ ಪೂರ್ತಿ ಬಿಸಿಲನ್ನು ಒಳಗೆ ಬಿಡುತ್ತಿತ್ತು. ಎರಡನೆಯ ಸಾಲಿನದು ಬೆಳಕನ್ನು ಬಿಟ್ಟು ಅತಿನೇರಳೆಯನ್ನು ಮಾತ್ರ ತಡೆಯುತ್ತಿತ್ತು. ನೋಡುವುದಕ್ಕೆ ಎರಡೂ ಒಂದೇ, ಕೈಯಲ್ಲಿ ಹಿಡಿದು ಆಕಾಶ ನೋಡಿದರೆ ಎರಡರಲ್ಲೂ ಅದೇ ಆಕಾಶ. ವ್ಯತ್ಯಾಸ ಗೊತ್ತಿದ್ದದ್ದು ನೀರಿನೊಳಗಿದ್ದವುಗಳಿಗೆ.

ತುಮಕೂರಿನ ಬೇಸಿಗೆಯ ತಾರಸಿ ಎಂದರೆ ಬರಿಗಾಲಿಟ್ಟರೆ ಬೊಬ್ಬೆ ಏಳುವ ಕಾವಲಿ. ಟಬ್ಬುಗಳು ಕಾಯದಿರಲೆಂದು ಸುತ್ತ ಗೋಣಿಚೀಲ ಸುತ್ತಿ ಹೊತ್ತುಹೊತ್ತಿಗೆ ನೆನೆಸುತ್ತಿದ್ದೆ. ಬೋರ್‌ವೆಲ್ ನೀರು ಪೋಲು ಮಾಡುತ್ತೇನೆಂದು ಆಫೀಸಿನವರು ಬೈದ ಮೇಲೆ ಲ್ಯಾಬಿನಲ್ಲಿ ಕೈ ತೊಳೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಮೇಲಕ್ಕೆ ಹೊತ್ತೆ. ಆವಿಯಾದಷ್ಟು ನೀರನ್ನು ಬಟ್ಟಿ ಇಳಿಸಿದ ನೀರಿನಿಂದ ತುಂಬಬೇಕು, ಇಲ್ಲದಿದ್ದರೆ ಉಪ್ಪು ಏರುತ್ತದೆ. ದಿನ ಬಿಟ್ಟು ದಿನ ಪ್ರತಿ ಟಬ್ಬಿನಿಂದಲೂ ಒಂದಿಷ್ಟು ನೀರು ತೆಗೆದು ಸೂಕ್ಷ್ಮದರ್ಶಕದ ಕೆಳಗೆ ಎಣಿಸುತ್ತಿದ್ದೆ. ಯುಗಾದಿಯ ದಿನವೂ ಎಣಿಸಿದೆ. ಹೋಳಿಗೆ ಡಬ್ಬಿಯನ್ನು ಅಮ್ಮ ರೈಲಿನವರೆಗೆ ತಂದುಕೊಟ್ಟಳು.

ಈ ಕೆಲಸದಲ್ಲಿ ನನಗೆ ಜೊತೆಯಾದವರು ಲ್ಯಾಬಿನ ಅಟೆಂಡರ್ ಶಿವಣ್ಣ. ಐವತ್ತು ದಾಟಿದವರು, ಗುತ್ತಿಗೆಯ ಮೇಲೆ ಇದ್ದವರು. ಬಾಲ್ಯದಲ್ಲಿ ಮಠದ ಹಾಸ್ಟೆಲಿನಲ್ಲಿ ಓದಿ, ದಾಸೋಹದ ಪಂಕ್ತಿಗಳಲ್ಲಿ ಬಡಿಸಿ ಬೆಳೆದವರು. ಈಗಲೂ ಹಬ್ಬದ ದಿನ ಅಲ್ಲಿಗೆ ಬಡಿಸಲು ಹೋಗುತ್ತಿದ್ದರು. ನಾನಿಲ್ಲದ ಮಧ್ಯಾಹ್ನ ಗೋಣಿಚೀಲ ನೆನೆಸುವುದು ಅವರ ಪಾಲಿಗೆ.

"ಮೇಡಂ, ನಿಮ್ ಸಮುದ್ರ ಇವತ್ತು ಒಸಿ ಕಮ್ಮಿ ಆಗದೆ. ಕಾಗೆ ಕುಡೀತೋ ಏನೋ."

"ಆವಿ ಶಿವಣ್ಣ. ಹಾಳೆ ಇದೆಯಲ್ಲ, ಕಾಗೆ ಹೆಂಗೆ ಕುಡಿಯುತ್ತೆ?"

"ಅಂಗನ್ನಿ. ಉಪ್ಪು ನೀರು ಕುಡಿಯೋವಷ್ಟು ದಡ್ಡ್ ಕಾಗೆ ಅಲ್ಲ ಬುಡಿ ನಮ್ ಕ್ಯಾತ್ಸಂದ್ರದ್ದು."

ಮೂರನೆಯ ವಾರದ ಹೊತ್ತಿಗೆ ವ್ಯತ್ಯಾಸ ಬರಿಗಣ್ಣಿಗೇ ಕಾಣತೊಡಗಿತು. ತಡೆಹಾಳೆಯ ಕೆಳಗಿನ ನಾಲ್ಕು ಟಬ್ಬುಗಳು ತಿಳಿ ಕಾಫಿಯಂಥ ಕಂದು ಬಣ್ಣಕ್ಕೆ ತಿರುಗಿದ್ದವು, ಅಲ್ಲಿ ಡಯಾಟಮ್ ಎಂಬ ಸಣ್ಣ ಗಾಜಿನ ಚಿಪ್ಪಿನ ಸಸ್ಯಗಳು ತುಂಬಿಕೊಂಡಿದ್ದವು. ಪೂರ್ತಿ ಬಿಸಿಲಿನ ನಾಲ್ಕು ಟಬ್ಬುಗಳು ಪೇಲವವಾಗಿದ್ದವು. ಇಷ್ಟು ನಾನು ಓದಿ ನಿರೀಕ್ಷಿಸಿದ್ದೇ. ನಿರೀಕ್ಷಿಸದೇ ಇದ್ದದ್ದು ಇನ್ನೊಂದು. ಸಮುದ್ರದ ನೀರಿನಲ್ಲಿ ಸಸ್ಯಗಳ ಜೊತೆ ಅವುಗಳನ್ನು ಮೇಯುವ ಪ್ರಾಣಿಗಳೂ ಬಂದಿದ್ದವು: ಕೋಪೆಪಾಡ್, ಸಿಗಡಿಯ ದೂರದ ನೆಂಟ, ಸಾಸಿವೆಗಿಂತ ಚಿಕ್ಕದು. ಪೂರ್ತಿ ಬಿಸಿಲಿನ ಟಬ್ಬುಗಳಲ್ಲಿ ಸಸ್ಯಗಳಿಗಿಂತ ಹೆಚ್ಚಾಗಿ ಸತ್ತದ್ದು ಇವು. ಹುಡುಕಿದರೂ ಒಂದು ಸಿಗುತ್ತಿರಲಿಲ್ಲ. ಆಮೇಲೆ, ಐದನೆಯ ವಾರದಲ್ಲಿ, ಆ ಪೇಲವ ನೀರಿನಲ್ಲಿ ತೀರ ತೆಳುವಾಗಿ ಬಣ್ಣ ಮರಳುತ್ತಿರುವಂತೆ ಕಂಡಿತು. ಎಣಿಸಿದೆ. ಹೌದು, ಒಂದೇ ಒಂದು ಜಾತಿಯ ಡಯಾಟಮ್ ಏರುತ್ತಿತ್ತು, ಉಳಿದವು ಇಳಿಯುತ್ತಿದ್ದವು.

ಹುಲ್ಲು ಬೆಳೆದಿದೆ ಎಂದ ಮಾತ್ರಕ್ಕೆ ಊರು ಚೆನ್ನಾಗಿದೆ ಎಂದಲ್ಲ, ದನಗಳೆಲ್ಲ ಸತ್ತಿದ್ದರೂ ಹುಲ್ಲು ಬೆಳೆಯುತ್ತದೆ. ಇಲ್ಲಿ ಆಗುತ್ತಿದ್ದುದು ಅದೇ ಇರಬಹುದೇ? ಇನ್ನು ಮೂರು ವಾರ ಎಣಿಸಿದ್ದರೆ ಗೊತ್ತಾಗುತ್ತಿತ್ತು. ಯಾರಿಗೂ ಹೇಳಿಕೊಳ್ಳದ ಒಂದು ಸಂತೋಷ ಆಗ ನನ್ನಲ್ಲಿತ್ತು. ರೈಲಿನಲ್ಲಿ ಕಿಟಕಿಯ ಪಕ್ಕ ಕೂತು ಆ ನಾಲ್ಕು ಟಬ್ಬುಗಳ ಬಗ್ಗೆಯೇ ಯೋಚಿಸುತ್ತಿದ್ದೆ. ಕರಾವಳಿಯ ಒಂದು ಸಂಶೋಧನಾಲಯದಲ್ಲಿ ಸಹಾಯಕಿಯ ಕೆಲಸಕ್ಕೆ ಆಯ್ಕೆಯಾಗಿದ್ದೆ. ಆ ಮಳೆಗಾಲದಲ್ಲಿ, ಪದವಿ ಕೈಗೆ ಬಂದ ಕೂಡಲೇ, ಸೇರಬೇಕಿತ್ತು. ಎಲ್ಲವೂ ಆ ಪ್ರಬಂಧದ ಮೇಲೆ, ಅದರ ಮೇಲೆ ಬೀಳಬೇಕಾದ ಗೈಡ್ ಸಹಿಯ ಮೇಲೆ ನಿಂತಿತ್ತು.

ಅಷ್ಟರಲ್ಲಿ ಕಾಲೇಜಿಗೆ ಗ್ರೇಡು ಕೊಡುವ ಪರಿಶೀಲನಾ ತಂಡ ಬರುವ ದಿನ ಗೊತ್ತಾಯಿತು.

ನಮ್ಮ ಕಡೆ ಕಾಲೇಜುಗಳಲ್ಲಿ ಓದಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹೊಂಗೆ ಮರಗಳ ಬುಡಕ್ಕೆ ಸುಣ್ಣ, ಸುಣ್ಣದ ಮೇಲೆ ಕೆಮ್ಮಣ್ಣಿನ ಪಟ್ಟಿ. ಬಾಡಿಗೆಯ ಹೂಕುಂಡಗಳು. ವರ್ಷವಿಡೀ ಬೀಗ ಹಾಕಿದ್ದ ಶೌಚಾಲಯಕ್ಕೆ ಹೊಸ ಬೀಗ, ಹೊಸ ಕೀಲಿ, ಕೀಲಿ ಇಟ್ಟುಕೊಳ್ಳಲು ಒಬ್ಬ ಮನುಷ್ಯ. ಗ್ರಂಥಾಲಯದಲ್ಲಿ ಯಾರು ಯಾವ ಕುರ್ಚಿಯಲ್ಲಿ ಯಾವ ಪುಸ್ತಕ ತೆರೆದುಕೊಂಡು ಕೂರಬೇಕೆಂದು ಮೊದಲೇ ಹಂಚಿಕೆ. ರಮ್ಯಳಿಗೆ ದಪ್ಪನೆಯ ಒಂದು ವಿಶ್ವಕೋಶ ಸಿಕ್ಕಿತ್ತು. "ಎತ್ತೋಕಾಗಲ್ಲ ಕಣೇ, ಓದೋದು ಎಲ್ಲಿಂದ?" ಎಂದು ಗೊಣಗಿದಳು. ನಾವೆಲ್ಲ ನಕ್ಕೆವು. ಸುಳ್ಳಿನೊಳಗೆ ಸಣ್ಣವರಿಗೂ ಒಂದೊಂದು ಪಾತ್ರ ಕೊಟ್ಟುಬಿಟ್ಟರೆ ಅದು ಸುಳ್ಳೆಂದು ಯಾರಿಗೂ ಅನ್ನಿಸುವುದಿಲ್ಲ, ನಾಟಕದ ತಾಲೀಮಿನ ಹಾಗೆ ಗೆಲುವಾಗಿರುತ್ತದೆ.

ತಂಡ ಬರುವ ಸೋಮವಾರ ಸೀರೆಯುಟ್ಟು ಬರಬೇಕೆಂದು ಅಪ್ಪಣೆಯಾಗಿತ್ತು. ಶನಿವಾರ ಮಧ್ಯಾಹ್ನ ಎಣಿಸಿ, ಗೋಣಿ ನೆನೆಸಿ ಮನೆಗೆ ಹೋಗಿದ್ದೆ. ಸೋಮವಾರ ಬೇಗ ಬಂದು ತಾರಸಿಗೆ ಹತ್ತಿದೆ.

ಎಂಟು ಟಬ್ಬುಗಳೂ ಒಂದೇ ಬಣ್ಣದಲ್ಲಿದ್ದವು.

ಕಣ್ಣಿಗೆ ಬಿಸಿಲು ಹೊಡೆದಿರಬೇಕೆಂದು ಕೈ ಅಡ್ಡ ಹಿಡಿದು ಮತ್ತೆ ನೋಡಿದೆ. ಕಂದೂ ಅಲ್ಲದ ಪೇಲವವೂ ಅಲ್ಲದ ಬಣ್ಣ, ಎಂಟರಲ್ಲೂ. ನೀರಿನ ಮಟ್ಟವೂ ಎಂಟರಲ್ಲೂ ಸಮ. ಶಿವಣ್ಣ ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು, ಹಣೆಗೆ ವಿಭೂತಿ ಇಟ್ಟುಕೊಂಡು, ಹಾಳೆಗಳ ಮೇಲಿನ ಧೂಳು ಒರೆಸುತ್ತಿದ್ದರು.

"ಹೆಂಗದೆ ಮೇಡಂ?" ಎಂದರು.

"ಏನು ಮಾಡಿದ್ರಿ ಶಿವಣ್ಣ?"

"ಸಾಹೇಬ್ರು ನಿನ್ನೆ ಬಂದು ನೋಡುದ್ರು. ಈ ನಾಕು ಸತ್ತೋದಂಗೆ ಕಾಣ್ತವಲ್ಲ, ಬಂದೋರು ಏನಂದ್ಕೊಂಡಾರು, ಎಲ್ಲ ಚೆನ್ನಾಗಿ ಕಾಣೋಹಂಗೆ ಮಾಡಪ್ಪ ಶಿವಣ್ಣ ಅಂದ್ರು. ಅದುಕ್ಕೇ ಇದ್ರಿಂದ ಅದುಕ್ಕೆ, ಅದ್ರಿಂದ ಇದುಕ್ಕೆ ಚೊಂಬಲ್ಲಿ ಹಾಕಿ ಹಾಕಿ ಸಮ ಮಾಡ್ಬುಟ್ಟೆ. ಒಂದು ಹನಿ ಚೆಲ್ಲಿಲ್ಲ ಮೇಡಂ. ಬೇರೆ ನೀರೂ ಸೇರ್ಸಿಲ್ಲ."

ನನ್ನ ಮುಖ ನೋಡಿ ಅವರ ಕೈ ನಿಂತಿತು.

"ತಪ್ಪಾಯ್ತಾ? ಪಂಕ್ತೀಲಿ ನಾವು ಅಂಗೇ ಮಾಡೋದು. ಬಡಿಸೋಕ್ ಮುಂಚೆ ಎಲ್ಲಾ ಕೊಳಗದಲ್ಲೂ ಸಾರು ಸಮ ಮಾಡ್ಕೊಂತೀವಿ. ಒಬ್ರಿಗೆ ಗಟ್ಟಿ ಒಬ್ರಿಗೆ ತಿಳಿ ಬೀಳ್ಬಾರ್ದು. ಪಂಕ್ತಿಭೇದ ಮಾಡ್ಬಾರ್ದಲ್ಲ."

ಅವರ ಲೋಕದಲ್ಲಿ ಅದು ಧರ್ಮ. ಹಸಿದವರ ಸಾಲಿನಲ್ಲಿ ಅದಕ್ಕಿಂತ ದೊಡ್ಡ ಧರ್ಮ ಇಲ್ಲ ಎಂದು ನಾನೂ ಒಪ್ಪುತ್ತೇನೆ. ಆದರೆ ನನ್ನ ಟಬ್ಬುಗಳಲ್ಲಿ ಭೇದವೇ ಫಲಿತಾಂಶವಾಗಿತ್ತು. ಆ ನಾಲ್ಕಕ್ಕೂ ಈ ನಾಲ್ಕಕ್ಕೂ ನಡುವಿನ ಅಂತರವನ್ನು ಅಳೆಯಲೆಂದೇ ಸಮುದ್ರವನ್ನು ಘಟ್ಟ ಹತ್ತಿಸಿ ತಂದಿದ್ದೆ. ಮೇಯುವ ಪ್ರಾಣಿಗಳಿಲ್ಲದ ನೀರಿಗೆ ಈಗ ಮತ್ತೆ ಪ್ರಾಣಿಗಳು ಬಂದಿದ್ದವು. ಆ ಒಂದು ಜಾತಿಯ ಡಯಾಟಮ್ ಎಲ್ಲಿಯವರೆಗೆ ಏರುತ್ತಿತ್ತೋ ಇನ್ನು ಯಾರಿಗೂ ತಿಳಿಯುವಂತಿರಲಿಲ್ಲ. ಶಿವಣ್ಣನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಎರಡು ದಶಕ ಇದನ್ನೇ ಪಾಠ ಮಾಡಿದ, ಹೋಲಿಕೆಗೆ ಇಟ್ಟದ್ದನ್ನು ಮುಟ್ಟಬಾರದೆಂದು ನಮಗೆ ಮೊದಲ ದಿನವೇ ಬೋರ್ಡಿನ ಮೇಲೆ ಬರೆದು ತೋರಿಸಿದ ಮನುಷ್ಯ, ಚೆನ್ನಾಗಿ ಕಾಣಲಿ ಎಂದು ಅಪ್ಪಣೆ ಕೊಟ್ಟಿದ್ದ. ಆ ಮನುಷ್ಯ ನನ್ನ ಗೈಡ್, ವಿಭಾಗದ ಮುಖ್ಯಸ್ಥ. ನಾವು ಅವರನ್ನು ಸರ್ ಎಂದಷ್ಟೇ ಕರೆಯುತ್ತಿದ್ದೆವು, ಇಲ್ಲೂ ಹಾಗೇ ಇರಲಿ.

ಅವರನ್ನು ಹಿಡಿದು ಕೇಳುವಷ್ಟರಲ್ಲಿ ತಂಡ ತಾರಸಿಗೆ ಬಂದೇಬಿಟ್ಟಿತು. ಮೂವರು ಹಿರಿಯರು, ಹಿಂದೆ ಪ್ರಿನ್ಸಿಪಾಲರು, ಅವರ ಹಿಂದೆ ಹಾರದ ಬುಟ್ಟಿ. ಸರ್ ನನ್ನನ್ನು ತೋರಿಸಿ, "ತುಮಕೂರಿಗೆ ಸಮುದ್ರ ತಂದ ಹುಡುಗಿ" ಎಂದರು. ಒಬ್ಬ ನಿವೃತ್ತ ಪ್ರಾಧ್ಯಾಪಕರು ಬಗ್ಗಿ ಎರಡೂ ಸಾಲನ್ನು ನೋಡಿ, ನಿಧಾನವಾದ ಕನ್ನಡದಲ್ಲಿ ನನ್ನನ್ನೇ ಕೇಳಿದರು:

"ಇದರಲ್ಲಿ ಪೂರ್ತಿ ಬಿಸಿಲಿನದು ಯಾವುದಮ್ಮ?"

ತೋರಿಸಿದೆ.

"ವ್ಯತ್ಯಾಸವೇ ಕಾಣುತ್ತಿಲ್ಲವಲ್ಲ?"

ನಾನು ಬಾಯಿ ತೆರೆದೆ. ಸರ್ ನನಗಿಂತ ಮುಂಚೆ ಮಾತಾಡಿದರು. "ಅದೇ ಸರ್ ನಮ್ಮ ಫೈಂಡಿಂಗ್. ಮೊದಮೊದಲು ತುಂಬ ಡ್ಯಾಮೇಜ್ ಇತ್ತು. ಆಮೇಲೆ ಪೂರ್ತಿ ರಿಕವರಿ. ಪ್ರಕೃತಿ ತನ್ನನ್ನು ತಾನೇ ಸರಿಮಾಡ್ಕೊಳ್ಳುತ್ತೆ ಅನ್ನೋದನ್ನ ಈ ಹುಡುಗಿ ಪ್ರೂವ್ ಮಾಡಿದ್ದಾಳೆ."

ಹಿರಿಯರು ತಲೆದೂಗಿದರು. ಯಾರೋ ಫೋಟೋ ತೆಗೆದರು. ಕೆಳಗೆ ಉಪ್ಪಿಟ್ಟು ಆರುತ್ತಿದೆ ಎಂದು ಪ್ರಿನ್ಸಿಪಾಲರು ಅವಸರ ಮಾಡಿದರು, ಮೆಟ್ಟಿಲಲ್ಲಿ ಬೂಟುಗಳ ಸದ್ದು ಇಳಿದುಹೋಯಿತು. ನಾನು ಸೀರೆಯಲ್ಲಿ ಅಲ್ಲೇ ನಿಂತಿದ್ದೆ. ಇನ್ನೊಬ್ಬರ ಸುಳ್ಳಿಗೆ ಪಕ್ಕದಲ್ಲಿ ಇಡುವ ಹೂಕುಂಡ ಹೇಗಿರುತ್ತದೆಂದು ಆ ಹೊತ್ತು ನನಗೆ ತಿಳಿಯಿತು.

ಆ ಸುಳ್ಳು ಅಲ್ಲಿಗೆ ಮುಗಿದಿದ್ದರೆ ಅದನ್ನು ನುಂಗಿಕೊಂಡಿರುತ್ತಿದ್ದೆನೋ ಏನೋ. ತಂಡದವರು ತಮ್ಮ ವರದಿಯಲ್ಲಿ ನಮ್ಮ ತಾರಸಿಯ ಸಮುದ್ರ ಚೇತರಿಸಿಕೊಂಡಿತೆಂದು ಹೊಗಳಿ ಒಂದು ಸಾಲು ಬರೆದರು. ಅಲ್ಲಿಂದ ಮುಂದೆ ಸಮುದ್ರ ಆ ಸಾಲಿನ ಪ್ರಕಾರ ನಡೆದುಕೊಳ್ಳಬೇಕಾಯಿತು. ಕೆಲವು ದಿನಗಳ ನಂತರ ಸರ್ ನನ್ನನ್ನು ಕೋಣೆಗೆ ಕರೆಸಿ ಒಂದು ಹಾಳೆ ಮುಂದಿಟ್ಟರು. ಎರಡು ಗೆರೆಗಳ ನಕ್ಷೆ. ಐದನೆಯ ವಾರದವರೆಗೆ ನನ್ನ ಎಣಿಕೆ. ಅಲ್ಲಿಂದಾಚೆ ಅವರ ಪೆನ್ಸಿಲ್ಲು. ಎರಡು ಗೆರೆಗಳೂ ನಯವಾಗಿ ಬಾಗಿ ಎಂಟನೆಯ ವಾರದಲ್ಲಿ ಒಂದನ್ನೊಂದು ಸೇರಿದ್ದವು.

"ಇದಕ್ಕೆ ಹೊಂದೋ ಹಾಗೆ ಮಿಕ್ಕ ರೀಡಿಂಗ್ ಹಾಕ್ಕೊಂಡ್ಬಿಡು ವೀಣಾ. ಒಂಚೂರು ಏರುಪೇರು ಇರ್ಲಿ, ತೀರ ನೀಟಾಗಿದ್ರೆ ಅನುಮಾನ ಬರುತ್ತೆ."

"ಆ ರೀಡಿಂಗ್ ಇಲ್ಲ ಸರ್."

"ಇಲ್ಲ ಅಂತ್ಲೇ ಹೇಳ್ತಿರೋದು, ಹಾಕ್ಕೋ ಅಂತ."

"ಟಬ್ಬುಗಳನ್ನ ಮಿಕ್ಸ್ ಮಾಡಿದಾರೆ ಸರ್. ಅಲ್ಲಿಗೆ ಎಕ್ಸ್‌ಪೆರಿಮೆಂಟ್ ಮುಗೀತು. ಐದು ವಾರದ್ದು ಮಾತ್ರ ಬರೀತೀನಿ. ಯಾಕೆ ನಿಂತಿತು ಅಂತಾನೂ ಒಂದು ಸಾಲು ಬರೀತೀನಿ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ನಾನು ಅವರೆದುರು ಅಷ್ಟು ವಾಕ್ಯಗಳನ್ನು ಒಟ್ಟಿಗೆ ಆಡಿದ್ದು ಅದೇ ಮೊದಲು. ಮಾತಾಡದ ಹುಡುಗಿ ಎಂದರೆ ಒಪ್ಪಿಕೊಂಡ ಹುಡುಗಿ ಎಂದೇ ಅವರು ಎರಡು ವರ್ಷ ತಿಳಿದಿದ್ದರು.

"ಇದೇನು ಔಷಧಿನಾ, ಯಾರಾದ್ರೂ ಸಾಯ್ತಾರಾ? ಸಮುದ್ರದ ಪಾಚಿ ಕಣಮ್ಮ. ಇಲ್ಲಿಂದ ಎಷ್ಟೋ ದೂರ. ಯಾರು ಬಂದು ಎಣಿಸ್ತಾರೆ? ಅಡ್ಜಸ್ಟ್ ಮಾಡ್ಕೋ."

ದೂರ ಇರುವುದರ ಬಗ್ಗೆ ಏನು ಬೇಕಾದರೂ ಹೇಳಬಹುದು, ಕಣ್ಣಿಗೆ ಕಾಣದ್ದರ ಬಗ್ಗೆ ಇನ್ನೂ ಹೆಚ್ಚು ಹೇಳಬಹುದು. ಆ ಕೋಣೆಯಲ್ಲಿ ಕಲಿತ ಪಾಠ ಅದು. ಬಿಸಿಲು ಸುಟ್ಟದ್ದನ್ನು ನಾನು ಕಣ್ಣಾರೆ ಎಣಿಸಿದ್ದೆ. ಸುಡಲಿಲ್ಲ, ಸುಟ್ಟರೂ ತಾನಾಗಿ ವಾಸಿಯಾಯಿತು ಎಂದು ನನ್ನ ಹೆಸರಿನಲ್ಲಿ ಅಚ್ಚಾಗಬೇಕಿತ್ತು. ನಾಳೆ ಇನ್ಯಾರೋ ಅದನ್ನು ಓದಿ ಉಲ್ಲೇಖಿಸುತ್ತಾರೆ. ಸಮುದ್ರ ಚೆನ್ನಾಗಿದೆ, ತುಮಕೂರಿನಲ್ಲಿ ನೋಡಿದ್ದಾರೆ ಎನ್ನುತ್ತಾರೆ.

"ಆಗಲ್ಲ ಸರ್" ಎಂದೆ.

ಅವರು ಹಾಳೆ ಮಡಿಸಿದರು. ದನಿ ಮೃದುವಾಯಿತು. "ಸರಿ, ನಿನ್ನ ಆತ್ಮಸಾಕ್ಷಿಗೆ ಇನ್ನೊಂದು ದಾರಿ ಹೇಳ್ತೀನಿ. ಮಿಕ್ಸ್ ಆಯ್ತು ಅಂತ್ಲೇ ಬರಿ. ಅಟೆಂಡರ್ ನಿರ್ಲಕ್ಷ್ಯದಿಂದ ಅಂತ ಬರಿ. ನಾನೂ ಒಂದು ಮೆಮೋ ಕೊಡ್ತೀನಿ. ಕಾಂಟ್ರ್ಯಾಕ್ಟ್ ಜನ, ಅವನು ಹೋದ್ರೆ ಇನ್ನೊಬ್ಬ ಬರ್ತಾನೆ."

"ಶಿವಣ್ಣ ನೀವು ಹೇಳಿದ್ದನ್ನ ಮಾಡಿದಾರೆ ಸರ್. ಬರೆದ್ರೆ ಅದನ್ನೂ ಬರೀತೀನಿ."

"ಹಾಗಾದ್ರೆ ನನ್ ಸಹಿ ಇಲ್ಲ. ವರ್ಷ ಹೋಗುತ್ತೆ. ಯೋಚ್ನೆ ಮಾಡು." ನಾನು ಬಾಗಿಲವರೆಗೆ ಹೋದ ಮೇಲೆ ಹಿಂದಿನಿಂದ ಹೇಳಿದರು: "ನಾಳೆ ನಮ್ಮ ಮ್ಯಾನೇಜ್‌ಮೆಂಟಿನ ಸ್ಕೂಲ್ ಮಕ್ಕಳು ಬರ್ತಾರೆ, ಟಬ್ಬು ನೋಡೋಕೆ. ರಿಕವರಿ ಬಗ್ಗೆ ನೀನೇ ಎರಡು ಮಾತು ಹೇಳ್ಬೇಕು. ಅಷ್ಟರೊಳಗೆ ತಲೆ ತಣ್ಣಗಾಗಲಿ."

ಕಾರಿಡಾರಿನಲ್ಲಿ ರಮ್ಯ ಕಾಯುತ್ತಿದ್ದಳು. ಎಲ್ಲ ಕೇಳಿ, ಸರ್ ಬಗ್ಗೆ ಇಲ್ಲಿ ಬರೆಯಲಾಗದ ಒಂದು ಮಾತು ಆಡಿದಳು. ಆಮೇಲೆ, "ಲೇ ವೀಣಾ, ನಾನಾಗಿದ್ರೆ ಬರ್ಕೊಟ್ಬುಟ್ಟು ಹೋಗ್ತಿದ್ದೆ ಕಣೇ. ನಿಜ ಹೇಳ್ತೀನಿ. ಎಲ್ರೂ ಮಾಡ್ತಾರೆ" ಎಂದಳು. ಅವಳ ಪ್ರಾಮಾಣಿಕತೆಗೆ ನಾನು ಇವತ್ತಿಗೂ ಋಣಿ. ಎಲ್ಲರೂ ಮಾಡುತ್ತಾರೆ ಎಂಬ ಮಾತು ನನ್ನನ್ನು ಗುಬ್ಬಿಯವರೆಗೂ ರೈಲಿನಲ್ಲಿ ಉರಿಸಿತು. ಎಲ್ಲರೂ ಮಾಡುವುದರಿಂದಲೇ ಅಲ್ಲವೇ ಸರ್ ಅಷ್ಟು ನಿರಾಳವಾಗಿ ಪೆನ್ಸಿಲ್ ಹಿಡಿಯಲು ಸಾಧ್ಯವಾದದ್ದು?

ಮನೆಯಲ್ಲಿ ಅಮ್ಮ ಹುರುಳಿಕಾಳು ಆರಿಸುತ್ತ ಕೂತಿದ್ದಳು. ಹೇಳಿದೆ. ಅವಳ ಕೈ ಮೊರದ ಮೇಲೆ ಸುಮ್ಮನಾಯಿತು.

"ಅಂಗಾದ್ರೆ ಸಮುದ್ರದೂರಿನ ಕೆಲ್ಸ?"

"ಹೋಗುತ್ತೆ."

"ಒಂದ್ ವರ್ಷ ಹೋದ್ರೆ ಹೋಗ್ಲಿ ಬುಡು ಅನ್ನೋಕೆ ನಮ್ಮಂಥೋರ್ ಕೈಲಿ ಆಗುತ್ತೇನೇ? ಅವ್ರು ದೊಡ್ಡೋರು. ಒಂದ್ ಗೆರೆ ಎಳ್ಕೊಟ್ರೆ ನಿನ್ ಗಂಟೇನ್ ಹೋಗುತ್ತೆ?"

"ನೀನು ಅಂಗನವಾಡೀಲಿ ಮಕ್ಕಳ ತೂಕ ಬರೀತೀಯಲ್ಲಮ್ಮ. ತೂಗದೇ ಇರೋ ಮಗೂಗೆ ತೂಕ ಬರೀತೀಯಾ?"

ಇದು ಅನ್ಯಾಯದ ಪ್ರಶ್ನೆ ಎಂದು ಕೇಳಿದ ಮೇಲೆ ಗೊತ್ತಾಯಿತು. ಮೇಲಿನವರು ಅವಳನ್ನೂ ಎಷ್ಟೋ ಸಲ ಹಾಗೆ ಬರೆಯಲು ಹೇಳಿದ್ದರು, ಅವಳು ಅದಕ್ಕಾಗಿ ಜಗಳವಾಡಿ ಅತ್ತು ಬಂದದ್ದನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೆ. ಅಮ್ಮ ಹುರುಳಿಯಲ್ಲಿ ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು.

"ಬಾಯಿ ಬಂದೈತೆ ನಿಂಗೆ. ಇದು ನಂಗೊಬ್ಳಿಗೇ ತೋರ್ಸ್‌ಬ್ಯಾಡ" ಎಂದು ಎದ್ದು ಒಳಗೆ ಹೋದಳು.

ಮುಂದೆ ಆದದ್ದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ, ಅದರಲ್ಲಿ ಹೆಚ್ಚೇನಿಲ್ಲ. ಆ ವರ್ಷ ಸಹಿ ಬೀಳಲಿಲ್ಲ. ಕರಾವಳಿಯ ಕೆಲಸ ಬೇರೆಯವರ ಪಾಲಾಯಿತು. ಮುಂದಿನ ವರ್ಷ ಇನ್ನೊಬ್ಬ ಅಧ್ಯಾಪಕಿಯ ಕೆಳಗೆ ಕಡಬದ ಕೆರೆಯ ನೀರಿನ ಮೇಲೆ ಹೊಸ ಪ್ರಯೋಗ ಮಾಡಿ ಪ್ರಬಂಧ ಕೊಟ್ಟೆ. ಅಮ್ಮನಿಗೆ ಒಳಗೊಳಗೇ ಹಿಗ್ಗು. ಶಿವಣ್ಣನಿಗೆ ಮೆಮೋ ಬರಲಿಲ್ಲ. ಕಾಲೇಜಿಗೆ ಒಳ್ಳೆಯ ಗ್ರೇಡು ಬಂತು. ಸಮುದ್ರ ತನ್ನನ್ನು ತಾನೇ ಸರಿಪಡಿಸಿಕೊಂಡಿತು ಎಂಬ ಆ ಒಂದು ಸಾಲು ವರದಿಯಲ್ಲಿ ಹಾಗೇ ಉಳಿದಿದೆ, ಅದನ್ನು ಅಳಿಸುವ ಅಧಿಕಾರ ನನಗಿಲ್ಲ. ಸುಳ್ಳು ಹೇಳಿದವರು ಬಡ್ತಿ ಪಡೆದರು. ಬಿಸಿಲಿನಲ್ಲಿ ಸತ್ತ ಜೀವಿಗಳಿಗೆ ಸಾಕ್ಷಿ ಹೇಳಲು ಐದು ವಾರದ ಅರ್ಧ ಎಣಿಕೆ ಮಾತ್ರ ಉಳಿಯಿತು. ಪಾಠ ಮಾಡುವಾಗ ಹುಡುಗಿಯರು ಪ್ರಾಕ್ಟಿಕಲ್ ರೀಡಿಂಗನ್ನು ಪಕ್ಕದವಳಿಂದ ನೋಡಿ ಬರೆಯುವುದು ಕಂಡರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. "ಮಿಸ್, ಇಬ್ಬರದೂ ಒಂದೇ ಬಂತು" ಎನ್ನುತ್ತಾರೆ ನಗುತ್ತ. ಮತ್ತೆ ಮಾಡಿ ಎನ್ನುತ್ತೇನೆ. ಬೈದುಕೊಳ್ಳುತ್ತಾರೆ, ಮಾಡುತ್ತಾರೆ.

ಅಮ್ಮ ಎದ್ದು ಹೋದ ಆ ಸಂಜೆಯ ಮರುದಿನ ಬೆಳಿಗ್ಗೆ ನಾನು ಮೊದಲ ರೈಲಿಗೇ ಹೋದೆ. ತಾರಸಿಯ ಬೀಗ ತೆಗೆಸಿ, ಮೊದಲ ಟಬ್ಬಿನ ಚೌಕಟ್ಟು ಬಿಚ್ಚಿ ಗೋಡೆಗೆ ಒರಗಿಸಿದೆ. ನೀರನ್ನು ಬಕೆಟ್ಟಿಗೆ ಬಗ್ಗಿಸಿ ಕೆಳಗಿನ ಲ್ಯಾಬಿನ ಸಿಂಕಿಗೆ ಹೊತ್ತೆ. ಉಪ್ಪು ನೀರು, ಗಿಡಗಳ ಬುಡಕ್ಕೆ ಚೆಲ್ಲುವಂತಿರಲಿಲ್ಲ. ಶಿವಣ್ಣ ಬಂದು ನೋಡಿ ಅಂಗಿಯ ತೋಳು ಮಡಿಸಿದರು.

"ಕೊಡಿ ಮೇಡಂ, ನಾನ್ ಹೊತ್ಕೊತೀನಿ."

"ನೀವು ಒಂದು ಬಕೆಟ್ಟೂ ಮುಟ್ಟಬೇಡಿ ಶಿವಣ್ಣ. ಯಾರು ಕೇಳಿದ್ರೂ ನಾನೊಬ್ಬಳೇ ಮಾಡಿದೆ ಅಂತ ಹೇಳಿ."

ಅವರು ಬಕೆಟ್ಟು ಮುಟ್ಟಲಿಲ್ಲ. ಮೆಟ್ಟಿಲ ತಿರುವಿನಲ್ಲಿ ನಿಂತು, ನಾನು ಹತ್ತಿ ಇಳಿಯುವಾಗ ಮಾತ್ರ ಬಾಗಿಲು ಹಿಡಿದುಕೊಂಡರು.

ಏಳನೆಯದನ್ನು ಉಜ್ಜುತ್ತಿದ್ದಾಗ ಕೆಳಗೆ ಶಾಲೆಯ ಬಸ್ಸು ನಿಂತ ಸದ್ದಾಯಿತು. ಸರ್ ಮುಂದಾಗಿ ಮೇಲೆ ಬಂದರು. ಬೋರಲು ಹಾಕಿದ ಟಬ್ಬುಗಳನ್ನು ನೋಡಿ ಅವರಿಗೆ ಸ್ವಲ್ಪ ಹೊತ್ತು ಅರ್ಥವಾಗಲಿಲ್ಲ.

"ಏನ್ ಮಾಡ್ತಿದೀಯ?"

"ತೊಳೀತಿದೀನಿ ಸರ್."

"ಮಕ್ಕಳು ಬಂದಿದ್ದಾರೆ! ಈಗ ಏನು ತೋರ್ಸೋದು?"

"ತೋರ್ಸೋಕೆ ಇದರಲ್ಲಿ ಏನೂ ಇರ್ಲಿಲ್ಲ ಸರ್. ಇದ್ದದ್ದು ಆ ಭಾನುವಾರವೇ ಹೋಯ್ತು."

ಅವರು ಇನ್ನೂ ಏನೋ ಹೇಳುತ್ತಿದ್ದರು. ಮೆಟ್ಟಿಲಲ್ಲಿ ಮಕ್ಕಳ ಗದ್ದಲ ಏರುತ್ತಿತ್ತು. ನಾನು ಎಂಟನೆಯ ಟಬ್ಬಿನ ಹಾಳೆ ತೆಗೆದು, ಎರಡು ಕೈಯಿಂದ ಅಂಚು ಹಿಡಿದು, ನೀರನ್ನು ಬಕೆಟ್ಟಿಗೆ ಬಗ್ಗಿಸಿದೆ.